ಸಾಯಬಾರದ ಹೃದಯ, ಸಾಯುತ್ತಿದ್ದ ದೇಹ

"ಒಂದು ಸಲ ಕರೆಂಟ್ ಕೊಟ್ಟು ನೋಡಿ ಡಾಕ್ಟ್ರೇ" ಎಂಬ ಮಾತನ್ನು ಕೇಳದವರು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದವರಲ್ಲಿ ಯಾರೂ ಇರಲಾರರು. ಹೇಳುವವರು ಮಗನೋ, ಅಣ್ಣನೋ, ಕೆಲವೊಮ್ಮೆ ಕಾರಿನಲ್ಲಿ ಹಾಕಿಕೊಂಡು ಬಂದ ಪಕ್ಕದ ಮನೆಯವರೋ ಆಗಿರುತ್ತಾರೆ. ಮಾನಿಟರಿನ ಗೆರೆ ನೇರವಾಗಿ ಹರಿಯುತ್ತಿರುವುದು ಅವರ ಕಣ್ಣಿಗೂ ಬೀಳುತ್ತದೆ, ಮೂಲೆಯಲ್ಲಿ ಎದೆಗೆ ಕರೆಂಟ್ ಕೊಡುವ ಯಂತ್ರ, ಡಿಫಿಬ್ರಿಲೇಟರ್, ಇರುವುದೂ ಬೀಳುತ್ತದೆ. ಅದನ್ನು ಮುಟ್ಟದೆ ನಾವು ಬರಿಗೈಯಲ್ಲಿ ಎದೆ ಒತ್ತುತ್ತ ನಿಂತಿರುವುದೇಕೆಂದು ಮಾತ್ರ ತಿಳಿಯುವುದಿಲ್ಲ. ಸಿನಿಮಾಗಳಲ್ಲಿ ನೇರ ಗೆರೆ ಕಂಡ ಕೂಡಲೇ ಎರಡು ಪ್ಯಾಡಲ್‌ಗಳನ್ನು ಉಜ್ಜಿ ಎದೆಯ ಮೇಲಿಡುತ್ತಾರೆ, ದೇಹ ಹಾರಿ ಬೀಳುತ್ತದೆ, ಗೆರೆ ಮತ್ತೆ ಕುಣಿಯುತ್ತದೆ. ಅಮೆರಿಕದ ಮೂವರು ಸಂಶೋಧಕರು 1996ರಲ್ಲಿ ಅಲ್ಲಿನ ಜನಪ್ರಿಯ ಟಿವಿ ಧಾರಾವಾಹಿಗಳನ್ನು ಕುಳಿತು ನೋಡಿ ಲೆಕ್ಕ ಹಾಕಿದಾಗ, ಪರದೆಯ ಮೇಲೆ ಹೃದಯ ನಿಂತವರಲ್ಲಿ ಶೇಕಡಾ 75ರಷ್ಟು ಜನ ಆ ಕ್ಷಣಕ್ಕೆ ಬದುಕಿಕೊಂಡಿದ್ದರು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ಅದೇ ದೇಶದಲ್ಲಿ ಇಂದಿಗೂ ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದಾರೆ; ಆಸ್ಪತ್ರೆಯ ಒಳಗೇ ನಿಂತರೆ ಸುಮಾರು ಕಾಲು ಭಾಗ.

ನಾನು ಅರಿವಳಿಕೆ ವೈದ್ಯ. ಆಸ್ಪತ್ರೆಯ ಯಾವ ಮೂಲೆಯಲ್ಲಿ ಹೃದಯ ನಿಂತರೂ ಕರೆ ಬರುವುದು ನಮ್ಮಂಥವರಿಗೇ. ಯಂತ್ರ ಇದೆ, ಔಷಧ ಇದೆ, ಕಲಿತ ಕೈಗಳಿವೆ. ಆದರೂ ಬಹಳ ಸಲ ಕೈಗೂಡದಿರುವುದೇಕೆ ಎಂಬ ಪ್ರಶ್ನೆಗೆ ಕಾರಿಡಾರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳುವ ಉತ್ತರ ಯಾರಿಗೂ ಸಾಲುವುದಿಲ್ಲ, ಹೇಳಿದವನಿಗೂ ಸಾಲುವುದಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಕರೆಂಟಿನ ವಿಷಯ. ಡಿಫಿಬ್ರಿಲೇಟರ್ ನಿಂತ ಹೃದಯವನ್ನು ಚಾಲೂ ಮಾಡುವ ಯಂತ್ರವಲ್ಲ. ಅದು ಹೃದಯವನ್ನು ನಿಲ್ಲಿಸುವ ಯಂತ್ರ. ಹಠಾತ್ತಾಗಿ ಕುಸಿದು ಬೀಳುವ ಅನೇಕರಲ್ಲಿ ಹೃದಯ ಆ ಹೊತ್ತಿಗೆ ನಿಜಕ್ಕೂ ನಿಂತಿರುವುದಿಲ್ಲ, ನಡುಗುತ್ತಿರುತ್ತದೆ. ಕೆಳಗಿನ ಎರಡು ಹೃತ್ಕುಕ್ಷಿಗಳ ಸ್ನಾಯುತಂತುಗಳು ಒಂದೊಂದೂ ತನ್ನಷ್ಟಕ್ಕೆ ಮಿಡಿಯುತ್ತ, ಒಟ್ಟಾಗಿ ಸಂಕುಚಿಸುವ ಕ್ರಮವನ್ನೇ ಕಳೆದುಕೊಂಡಿರುತ್ತವೆ. ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುತ್ತಾರೆ. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದ ನೂರಾರು ಜನ ತಮಗೆ ತೋಚಿದಾಗ ತಮಗೆ ತೋಚಿದ ಕಡೆಗೆ ಎಳೆಯತೊಡಗಿದರೆ ಎಲ್ಲರೂ ಬೆವರುತ್ತಾರೆ, ತೇರು ಮಾತ್ರ ಕದಲುವುದಿಲ್ಲ. ಆಗ ಮಾಡಬೇಕಾದ ಕೆಲಸ ಒಂದೇ: ಎಲ್ಲರೂ ಒಮ್ಮೆಗೇ ಹಗ್ಗ ಬಿಡುವಂತೆ ಮಾಡಿ, ಮುಂದೆ ನಿಂತು ಕೂಗು ಹಾಕುವವನ ದನಿ ಕೇಳಿಸುವಷ್ಟು ಮೌನ ಒದಗಿಸುವುದು. ಶಾಕ್ ಮಾಡುವುದು ಇಷ್ಟೇ. ಹೃದಯದ ಎಲ್ಲ ಕೋಶಗಳನ್ನೂ ಅದು ಒಂದೇ ಕ್ಷಣಕ್ಕೆ ತಟಸ್ಥಗೊಳಿಸುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ, ಹುಟ್ಟಿನಿಂದಲೂ ತಾಳ ಹಾಕಿಕೊಂಡು ಬಂದಿರುವ ಕೋಶಗಳ ಗುಂಪು ಮತ್ತೆ ಹಿಡಿತ ತೆಗೆದುಕೊಳ್ಳಲಿ ಎಂದು ಕಾಯುತ್ತದೆ. ಎಳೆಯುವವರು ಆಗಲೇ ಬಳಲಿ ಕುಸಿದಿದ್ದರೆ, ಅಥವಾ ತೇರಿನ ಅಚ್ಚೇ ಮುರಿದಿದ್ದರೆ, ಆ ಮೌನದಿಂದ ಏನೂ ಹುಟ್ಟುವುದಿಲ್ಲ. ನೇರ ಗೆರೆ ಎಂದರೆ ಹಗ್ಗ ಹಿಡಿದವರು ಯಾರೂ ಉಳಿದಿಲ್ಲ ಎಂದು. ಅಲ್ಲಿ ಶಾಕ್ ಕೊಟ್ಟು ಬಿಡಿಸುವಂಥದ್ದು ಏನೂ ಇಲ್ಲ.

ಇದರ ಹಿಂದಿನ ವಿಜ್ಞಾನ ಹಳೆಯದು. ಜಿನೀವಾದಲ್ಲಿ ಪ್ರೆವೋ ಮತ್ತು ಬಟೆಲ್ಲಿ ಎಂಬ ಇಬ್ಬರು 1899ರಲ್ಲಿಯೇ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಸಣ್ಣ ವಿದ್ಯುತ್ ಪ್ರವಾಹ ಹೃದಯವನ್ನು ಈ ನಡುಕಕ್ಕೆ ದೂಡುತ್ತದೆಂದೂ ದೊಡ್ಡದು ಅದೇ ನಡುಕವನ್ನು ನಿಲ್ಲಿಸಬಲ್ಲದೆಂದೂ ತೋರಿಸಿದ್ದರು. ಮನುಷ್ಯನ ಹೃದಯ ಹೀಗೆ ಮೊದಲು ಮರಳಿದ್ದು 1947ರಲ್ಲಿ. ಕ್ಲೀವ್‌ಲ್ಯಾಂಡ್‌ನ ಶಸ್ತ್ರವೈದ್ಯ ಕ್ಲಾಡ್ ಬೆಕ್ ಎದೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 14 ವರ್ಷದ ಹುಡುಗನೊಬ್ಬನ ಹೃದಯವನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ಕೈಯಲ್ಲೇ ಹಿಡಿದು ಒತ್ತಿ, ಆಮೇಲೆ ನೇರವಾಗಿ ಅದರ ಮೇಲೆಯೇ ವಿದ್ಯುತ್ ಹಾಯಿಸಿದರು. ಮೊದಲ ಸಲ ಆಗಲಿಲ್ಲ, ಮರುಸಲ ಆಯಿತು. ಹುಡುಗ ಬದುಕಿದ. ಇಂಥ ಹೃದಯಗಳನ್ನು ಬೆಕ್ ಸಾಯಲಾರದಷ್ಟು ಒಳ್ಳೆಯ ಹೃದಯಗಳು ಎಂಬ ಅರ್ಥದಲ್ಲಿ ಕರೆಯುತ್ತಿದ್ದರು. ಪುನಶ್ಚೇತನದ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಮಾತು ಇದು.

ಎದೆಯನ್ನು ಕೊಯ್ಯದೆ, ಹೊರಗಿನಿಂದಲೇ ಒತ್ತಿ ರಕ್ತ ಹರಿಸುವ ವಿಧಾನ ಬಂದದ್ದು 1960ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಿಂದ. ಅದನ್ನು ರೂಪಿಸಿದ ಮೂವರಲ್ಲಿ ಹಿರಿಯರಾದ ವಿಲಿಯಂ ಕೌವೆನ್‌ಹೋವೆನ್ ವೈದ್ಯರಾಗಿರಲಿಲ್ಲ, ವಿದ್ಯುತ್ ಎಂಜಿನಿಯರ್ ಆಗಿದ್ದರು. ನಾಯಿಯ ಎದೆಯ ಮೇಲೆ ಭಾರವಾದ ಡಿಫಿಬ್ರಿಲೇಟರ್ ಪ್ಯಾಡಲ್‌ಗಳನ್ನು ಒತ್ತಿದಾಗ ವಿದ್ಯುತ್ ಹರಿಸುವ ಮುಂಚೆಯೇ ರಕ್ತದೊತ್ತಡ ತುಸು ಏರುವುದನ್ನು ಅವರ ಜೊತೆಗಾರ ಗೈ ನಿಕರ್‌ಬಾಕರ್ ಗಮನಿಸಿದರು. ಎಲ್ಲವೂ ಶುರುವಾದದ್ದು ಅಲ್ಲಿಂದ. ಶಸ್ತ್ರವೈದ್ಯ ಜೇಮ್ಸ್ ಜೂಡ್ ಅವರೊಡನೆ ಸೇರಿ ಅವರು ಪ್ರಕಟಿಸಿದ ಲೇಖನದಲ್ಲಿದ್ದ ರೋಗಿಗಳು 20 ಮಂದಿ. ಅವರಲ್ಲಿ ಬದುಕಿ ಉಳಿದವರು 14. ಇದಕ್ಕೆ ಬೇಕಾಗಿರುವುದು ಎರಡು ಕೈಗಳಷ್ಟೇ ಎಂದು ಅವರು ಅಲ್ಲಿ ಬರೆದರು.

ನೂರಕ್ಕೆ ಎಪ್ಪತ್ತು! ಇಂದು ಯಾವ ದೇಶದ ಯಾವ ಆಸ್ಪತ್ರೆಯೂ ಕನಸಿನಲ್ಲೂ ಕಾಣದ ಅಂಕಿ ಅದು. ಅರವತ್ತೈದು ವರ್ಷಗಳಲ್ಲಿ ಯಂತ್ರಗಳು ಇಷ್ಟು ಸುಧಾರಿಸಿರುವಾಗ ಫಲಿತಾಂಶ ಮಾತ್ರ ಇಳಿದದ್ದು ಹೇಗೆ? ಉತ್ತರ ಆ 20 ಜನರಲ್ಲಿಯೇ ಇದೆ. ಅವರಲ್ಲಿ ಹಲವರು ನನ್ನ ವೃತ್ತಿಯ ರೋಗಿಗಳು: ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಅರಿವಳಿಕೆ ಪಡೆಯುತ್ತಿದ್ದಾಗ, ವೈದ್ಯರ ಕಣ್ಣೆದುರೇ ಹೃದಯ ನಿಂತವರು. ನಿಂತ ಕಾರಣ ಗೊತ್ತಿತ್ತು, ನಿಂತ ನಿಮಿಷ ಗೊತ್ತಿತ್ತು, ಆಮ್ಲಜನಕ ಕೈಯಳತೆಯಲ್ಲಿತ್ತು, ಹೃದಯದ ಆಚೆಗಿನ ದೇಹ ಬಹುಮಟ್ಟಿಗೆ ಸರಿಯಾಗಿತ್ತು. ಸಾಯಬೇಕಾಗಿಲ್ಲದ ದೇಹದಲ್ಲಿ ಹೃದಯವೊಂದೇ ತಪ್ಪಿ ನಿಂತಿತ್ತು. ಆ ವಿಧಾನವನ್ನು ನಾವು ಆಮೇಲೆ, ಯಾವುದೇ ಕಾರಣದಿಂದ, ಯಾವುದೇ ವಯಸ್ಸಿನಲ್ಲಿ, ಯಾವುದೇ ಕಾಯಿಲೆಯ ಕೊನೆಯಲ್ಲಿ ಹೃದಯ ನಿಂತವರೆಲ್ಲರಿಗೂ ವಿಸ್ತರಿಸಿದೆವು. ಸಾಯುವವರೆಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆಯಾದ್ದರಿಂದ ಆ ವಿಸ್ತರಣೆಗೆ ಎಲ್ಲೆ ಎಂಬುದೇ ಉಳಿಯಲಿಲ್ಲ.

ಹಾಗಾಗಿ ಯಾರನ್ನೇ ಕರೆತಂದರೂ ನಮ್ಮ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ, ಈ ಹೃದಯ ನಿಂತದ್ದರಿಂದ ದೇಹ ಸಾಯುತ್ತಿದೆಯೋ ಅಥವಾ ದೇಹ ಸಾಯುತ್ತಿರುವುದರಿಂದ ಹೃದಯ ನಿಂತಿತೋ ಎಂಬುದು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ತಪ್ಪಿಸಿಕೊಂಡವರ ರಕ್ತದಲ್ಲಿ ಪೊಟ್ಯಾಷಿಯಂ ಏರಿ ಹೃದಯ ನಿಂತರೆ ಕ್ಯಾಲ್ಸಿಯಂ ಕೊಟ್ಟು, ಪೊಟ್ಯಾಷಿಯಂ ಇಳಿಸುವ ದಾರಿ ಹುಡುಕುತ್ತ ಎದೆ ಒತ್ತುವುದಕ್ಕೆ ಅರ್ಥವಿದೆ. ಕಟ್ಟುಹಾವು ಕಚ್ಚಿದವರಲ್ಲಿ ವಿಷ ಮೊದಲು ಉಸಿರಾಟದ ಸ್ನಾಯುಗಳನ್ನು ಸೋಲಿಸುತ್ತದೆ, ಹೃದಯ ನಿಲ್ಲುವುದು ಆಮ್ಲಜನಕವಿಲ್ಲದೆ. ಸಕಾಲಕ್ಕೆ ಗಂಟಲಿಗೆ ಕೊಳವೆ ಇಳಿಸಿ ಉಸಿರು ಕೊಟ್ಟರೆ ಅದೇ ಹೃದಯ ದಿನಗಟ್ಟಲೆ ಅಳುಕದೆ ನಡೆಯುತ್ತದೆ. ಕೆರೆಯಲ್ಲಿ ಮುಳುಗಿದ ಮಗುವಿನದ್ದೂ ಇದೇ ಕಥೆ, ಅಲ್ಲಿ ಬೇಕಾದದ್ದು ಕರೆಂಟಿಗಿಂತ ಮೊದಲು ಗಾಳಿ. ಅಪಘಾತದಲ್ಲಿ ಹೊಟ್ಟೆಯೊಳಗೆ ರಕ್ತ ಸುರಿದು ಹೃದಯ ಬರಿದಾಗಿದ್ದರೆ ಎಷ್ಟು ಒತ್ತಿದರೂ ಹೊರಡಲು ಒಳಗೆ ರಕ್ತವೇ ಇರುವುದಿಲ್ಲ. ಶ್ವಾಸಕೋಶದ ರಕ್ತನಾಳದಲ್ಲಿ ದೊಡ್ಡ ಹೆಪ್ಪು ಸಿಕ್ಕಿಕೊಂಡಿದ್ದರೆ, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿ ಅದನ್ನು ಹಿಂಡುತ್ತಿದ್ದರೆ, ಮಾನಿಟರಿನಲ್ಲಿ ಸುಂದರವಾದ ಲಯ ಓಡುತ್ತಿರುತ್ತದೆ, ಕತ್ತಿಗೆ ಬೆರಳಿಟ್ಟರೆ ನಾಡಿ ಇರುವುದಿಲ್ಲ. ಮನೆಯವರಿಗೆ ವಿವರಿಸಲು ಇದರಷ್ಟು ಕಷ್ಟದ ಸ್ಥಿತಿ ಮತ್ತೊಂದಿಲ್ಲ. ಗೆರೆ ಕುಣಿಯುತ್ತಿರುವುದನ್ನು ಅವರು ಬೆರಳು ಮಾಡಿ ತೋರಿಸುತ್ತಾರೆ. ಇನ್ನು ವಾರಗಟ್ಟಲೆ ಸೋಂಕಿನಿಂದ ಒಂದೊಂದೇ ಅಂಗ ಕೈಕೊಡುತ್ತ ಬಂದು, ಅತಿ ಹೆಚ್ಚಿನ ಔಷಧದ ಮೇಲೆಯೇ ರಕ್ತದೊತ್ತಡ ನಿಂತಿದ್ದು, ಒಂದು ರಾತ್ರಿ ಹೃದಯವೂ ನಿಂತವರಲ್ಲಿ ಸರಿಪಡಿಸಲು ಪ್ರತ್ಯೇಕವಾದ ಕಾರಣವೆಂಬುದೇ ಇರುವುದಿಲ್ಲ. ಹೃದಯ ಅಲ್ಲಿ ಸಾಲಿನ ಕೊನೆಯಲ್ಲಿ ನಿಂತಿರುವ ಅಂಗ, ಅಷ್ಟೇ.

ಒಳ್ಳೆಯ ಹೃದಯವೂ ಬಹಳ ಹೊತ್ತು ಒಳ್ಳೆಯದಾಗಿ ಉಳಿಯುವುದಿಲ್ಲ ಎಂಬುದು ಇದರ ಇನ್ನೊಂದು ಮುಖ. ನಡುಗುತ್ತಿರುವ ಹೃದಯ ವಿಶ್ರಾಂತಿಯಲ್ಲಿರುವುದಿಲ್ಲ, ಒಂದು ಹನಿ ರಕ್ತವನ್ನೂ ದೂಡದೆ ತನ್ನ ಕೋಶಗಳಲ್ಲಿ ಉಳಿದಿರುವ ಎಟಿಪಿ ಎಂಬ ಇಂಧನವನ್ನು ಸುಡುತ್ತಲೇ ಇರುತ್ತದೆ. ಅಲೆಗಳು ಮೊದಲು ದೊಡ್ಡದಾಗಿ, ಒರಟಾಗಿ ಕಾಣುತ್ತವೆ, ಆಮೇಲೆ ಸಣ್ಣಗಾಗುತ್ತವೆ, ಕೊನೆಗೆ ನೇರ ಗೆರೆಯಾಗುತ್ತವೆ. ಎದೆ ಒತ್ತುವವರು ಯಾರೂ ಇಲ್ಲದಿದ್ದರೆ ಶಾಕ್ ತಡವಾಗುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ; ಯಾರಾದರೂ ಒತ್ತುತ್ತಿದ್ದರೆ ಆ ಇಳಿತ ಸುಮಾರು ಅರ್ಧಕ್ಕೆ ಬರುತ್ತದೆ. ವೈಸ್‌ಫೆಲ್ಟ್ ಮತ್ತು ಬೆಕರ್ ಎಂಬ ಅಮೆರಿಕದ ವೈದ್ಯರು 2002ರಲ್ಲಿ ಈ ಕಾಲವನ್ನು ಮೂರು ಹಂತಗಳಾಗಿ ನೋಡಬೇಕೆಂದರು. ಮೊದಲ ನಾಲ್ಕು ನಿಮಿಷ ಸಮಸ್ಯೆ ಬರೀ ವಿದ್ಯುತ್ತಿನದು, ಶಾಕ್ ಒಂದರಿಂದಲೇ ಬಗೆಹರಿಯಬಹುದು. ನಾಲ್ಕರಿಂದ ಹತ್ತರವರೆಗೆ ಅದು ರಕ್ತಚಲನೆಯದು, ಮೊದಲು ಒತ್ತಿ ಹೃದಯದ ಸ್ನಾಯುವಿಗೆ ಒಂದಿಷ್ಟು ರಕ್ತ ಉಣಿಸದಿದ್ದರೆ ಶಾಕ್ ವ್ಯರ್ಥ. ಹತ್ತು ದಾಟಿದರೆ ಹಾನಿ ಕೋಶಗಳ ಒಳಗಿನ ರಸಾಯನಕ್ಕೆ ಇಳಿದಿರುತ್ತದೆ. ಅಲ್ಲಿಗೆ ನಮ್ಮ ಕೈಗಳೂ ನಮ್ಮ ಯಂತ್ರಗಳೂ ಸುಲಭವಾಗಿ ಮುಟ್ಟುವುದಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತವಿಲ್ಲದೆ ಬಹಳ ಹೊತ್ತು ಕಳೆದ ಹೃದಯ ಮುಷ್ಟಿ ಬಿಗಿದಂತೆ ಗಟ್ಟಿಯಾಗಿ ಸಡಿಲಗೊಳ್ಳದೇ ಹೋಗುವುದನ್ನು ಹ್ಯೂಸ್ಟನ್ನಿನ ಡೆಂಟನ್ ಕೂಲಿ 1972ರಲ್ಲಿ ಕಲ್ಲಿನ ಹೃದಯ ಎಂದು ಹೆಸರಿಟ್ಟು ವಿವರಿಸಿದ್ದರು. ಬಡಿಯಲು ಮಾತ್ರವಲ್ಲ, ಸಡಿಲಗೊಳ್ಳಲೂ ಹೃದಯಕ್ಕೆ ಶಕ್ತಿ ಬೇಕು.

ಎದೆ ಒತ್ತುವುದು ಎಂಬ ಕೆಲಸದ ಬಗೆಗೂ ಒಂದು ತಪ್ಪು ತಿಳಿವಳಿಕೆ ಇದೆ. ಅದು ಎಷ್ಟೋ ಜನ ನರ್ಸುಗಳಲ್ಲಿ, ಕಿರಿಯ ವೈದ್ಯರಲ್ಲಿ ಸಹ ಇದೆ. ಒತ್ತಿದಾಗ ರಕ್ತ ಹೊರಡುತ್ತದೆ, ಆದ್ದರಿಂದ ಒತ್ತುವುದೇ ಮುಖ್ಯ ಎಂದು ಭಾವಿಸುತ್ತಾರೆ. ಆದರೆ ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಪರಿಧಮನಿಗಳು ಮುಖ್ಯವಾಗಿ ತುಂಬುವುದು ಕೈ ಮೇಲೆದ್ದಾಗ, ಎದೆಗೂಡು ಪೂರ್ತಿ ಹಿಗ್ಗಿದಾಗ. ಆ ಗಳಿಗೆಯಲ್ಲಿ ಮಹಾಪಧಮನಿಯಲ್ಲಿರುವ ಒತ್ತಡ ಬಲ ಹೃತ್ಕರ್ಣದ ಒತ್ತಡಕ್ಕಿಂತ ಎಷ್ಟು ಹೆಚ್ಚಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮನುಷ್ಯರಲ್ಲಿ ಈ ಅಂತರವನ್ನು ಅಳೆದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅದು ಒಮ್ಮೆಯೂ 15 ಮಿಲಿಮೀಟರ್ ಪಾದರಸವನ್ನು ಮುಟ್ಟದಿದ್ದವರಲ್ಲಿ ಒಬ್ಬರ ಹೃದಯವೂ ಮರಳಲಿಲ್ಲ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, ಪ್ರತಿ ಸಲವೂ ಪೂರ್ತಿ ಕೈಯೆತ್ತಿ ಒತ್ತಿದರೂ ಸಿಗುವುದು ಸಹಜ ರಕ್ತಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ. ಅದೂ ಒತ್ತಡ ಮೆಲ್ಲಗೆ, ಹಲವು ಒತ್ತುಗಳ ನಂತರ ಏರುತ್ತದೆ. ನಾಡಿ ನೋಡೋಣ, ಕೊಳವೆ ಹಾಕೋಣ, ಸ್ಟ್ರೆಚರ್ ಬದಲಿಸೋಣ ಎಂದು ಕೈ ತೆಗೆದ ಕೆಲವೇ ಕ್ಷಣಗಳಲ್ಲಿ ಕುಸಿದುಬಿಡುತ್ತದೆ. ಮತ್ತೆ ಮೊದಲಿನಿಂದ. ಒತ್ತುವವರು ಎರಡು ನಿಮಿಷಕ್ಕೆ ಒಮ್ಮೆ ಬದಲಾಗಬೇಕೆಂಬ ನಿಯಮ ಸೋಮಾರಿಗಳಿಗೆಂದು ಮಾಡಿದ್ದಲ್ಲ. ಅಷ್ಟು ಹೊತ್ತಿಗೆ ಗಟ್ಟಿಮುಟ್ಟಾದ ಯುವಕನ ಒತ್ತೂ ಆಳ ಕಳೆದುಕೊಂಡಿರುತ್ತದೆ, ಅದು ಅವನಿಗೆ ತಿಳಿಯುವುದೂ ಇಲ್ಲ. ಘಟ್ಟದ ತಿರುವುಗಳಲ್ಲಿ ಓಲಾಡುವ ಆಂಬುಲೆನ್ಸಿನೊಳಗೆ ಒಬ್ಬನೇ ಸಿಬ್ಬಂದಿ ಮುಕ್ಕಾಲು ಗಂಟೆ ಒತ್ತಿಕೊಂಡು ಬಂದೆ ಎಂದಾಗ ಅವನ ಶ್ರಮಕ್ಕೆ ಕೈಮುಗಿಯುತ್ತೇನೆ. ಆ ಹೃದಯಕ್ಕೆ ಎಷ್ಟು ರಕ್ತ ಸಿಕ್ಕಿರಬಹುದೆಂಬ ಲೆಕ್ಕವನ್ನು ಅವನೆದುರು ಹೇಳುವುದಿಲ್ಲ.

ಮನೆಯಲ್ಲಿ ಆ ಮೊದಲ ನಿಮಿಷಗಳು ಕಳೆದುಹೋಗುವ ಬಗೆಯೂ ನಮ್ಮದೇ ಆದದ್ದು. ಹೃದಯ ನಡುಗಲು ತೊಡಗಿ ಮೆದುಳಿಗೆ ರಕ್ತ ತಪ್ಪಿದೊಡನೆ ಕೆಲವರ ಕೈಕಾಲು ಸೆಟೆದು ಅದುರುತ್ತವೆ. ನೋಡಿದವರು ಫಿಟ್ಸ್ ಎಂದುಕೊಂಡು ಅಂಗೈಗೆ ಬೀಗದ ಕೈಗೊಂಚಲು ತುರುಕುತ್ತಾರೆ, ಈರುಳ್ಳಿ ಮೂಸಿಸುತ್ತಾರೆ. ಆಮೇಲೆ ಮೇಲುಸಿರು ಶುರುವಾಗುತ್ತದೆ. ದವಡೆ ತೆರೆದು, ನಡುನಡುವೆ ದೀರ್ಘ ಬಿಡುವು ಕೊಟ್ಟು, ಗೊರಕೆಯಂತೆ ಎಳೆಯುವ ಆ ಉಸಿರು ಮೆದುಳಿನ ಕಾಂಡದ ಪ್ರತಿವರ್ತನೆ ಮಾತ್ರ. ಅದರಿಂದ ದೇಹಕ್ಕೆ ಪ್ರಯೋಜನವಿಲ್ಲ. ಆದರೆ "ಉಸಿರಾಡ್ತಾ ಇದ್ರು" ಎಂಬ ನಂಬಿಕೆಯ ಮೇಲೆಯೇ ಮನೆಯವರು ಬಾಯಿಗೆ ನೀರು ಬಿಡುತ್ತಾರೆ, ಅಂಗಾಲು ಉಜ್ಜುತ್ತಾರೆ, ಆಟೋ ಹುಡುಕುತ್ತಾರೆ. ಮೇಲುಸಿರು ಕಂಡರೆ ಮುಗಿಯಿತು ಎಂದು ಹಿರಿಯರು ಹೇಳುತ್ತಿದ್ದರು. ಹಠಾತ್ತಾಗಿ ಬಿದ್ದವರ ವಿಷಯದಲ್ಲಿ ನಾನು ಇದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತೇನೆ: ಮೇಲುಸಿರು ಇದೆಯೆಂದರೆ ಹೃದಯ ನಿಂತು ಬಹಳ ಹೊತ್ತಾಗಿಲ್ಲ, ಎದೆ ಒತ್ತಿದರೆ ಫಲ ಸಿಗುವ ಸಾಧ್ಯತೆ ಇನ್ನೂ ಉಳಿದಿದೆ. ಭಾರತೀಯ ಅರಿವಳಿಕೆ ತಜ್ಞರು 2017ರಲ್ಲಿ ಸಾಮಾನ್ಯ ಜನರಿಗಾಗಿ ರೂಪಿಸಿದ ಮಾರ್ಗಸೂಚಿ, ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಗೊಡವೆಯನ್ನೇ ಬಿಟ್ಟು, ಬರೀ ಎದೆ ಒತ್ತಿರಿ ಎನ್ನುತ್ತದೆ. ಅದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ಹೃದಯ ಒಳ್ಳೆಯದಾಗಿದ್ದು, ನಿಮಿಷಗಳು ಉಳಿದಿದ್ದರೆ ಏನಾಗುತ್ತದೆಂಬುದಕ್ಕೆ ಲಾಸ್ ವೇಗಾಸ್ ಜೂಜುಕೇಂದ್ರಗಳಿಗಿಂತ ಸ್ಪಷ್ಟವಾದ ಪುರಾವೆ ನನಗೆ ಸಿಕ್ಕಿಲ್ಲ. ಅಲ್ಲಿ ಮೂಲೆ ಮೂಲೆಯಲ್ಲಿ ಕ್ಯಾಮೆರಾ, ಹೆಜ್ಜೆಗೊಬ್ಬ ಕಾವಲುಗಾರ. ಆ ಕಾವಲುಗಾರರಿಗೆ ಡಿಫಿಬ್ರಿಲೇಟರ್ ಬಳಸಲು ಕಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದಾಗ, ಕಣ್ಣೆದುರೇ ಕುಸಿದು ಮೂರು ನಿಮಿಷದೊಳಗೆ ಶಾಕ್ ಪಡೆದವರಲ್ಲಿ ಶೇಕಡಾ 74ರಷ್ಟು ಮಂದಿ ಬದುಕಿ ಮನೆಗೆ ಹೋಗಿದ್ದರು. ಮೂರು ನಿಮಿಷ ದಾಟಿದ ಮೇಲೆ ಪಡೆದವರಲ್ಲಿ ಶೇಕಡಾ 49. ವೈದ್ಯರಲ್ಲದ ಕಾವಲುಗಾರರು 1960ರ ಶಸ್ತ್ರಚಿಕಿತ್ಸಾ ಕೊಠಡಿಯ ಅಂಕಿಯನ್ನು ಮುಟ್ಟಿದ್ದರು. ಕೋಪನ್‌ಹೇಗನ್ನಿನಲ್ಲಿ 2021ರ ಜೂನ್ 12ರಂದು ಯುರೋ ಫುಟ್‌ಬಾಲ್ ಪಂದ್ಯದ ನಡುವೆ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಕುಸಿದು ಬಿದ್ದಾಗ ಇಡೀ ಜಗತ್ತು ನೋಡಿದ್ದೂ ಇದನ್ನೇ. ಮೈದಾನದಲ್ಲೇ ಎದೆ ಒತ್ತಿದರು, ಮೈದಾನದಲ್ಲೇ ಶಾಕ್ ಕೊಟ್ಟರು, ಅವರು ಮತ್ತೆ ಫುಟ್‌ಬಾಲ್ ಆಡಿದರು. ಅವರ ದೇಶವಾದ ಡೆನ್ಮಾರ್ಕ್ ಶಾಲಾ ಮಕ್ಕಳಿಗೂ ಡ್ರೈವಿಂಗ್ ಲೈಸೆನ್ಸ್ ಕೇಳುವವರಿಗೂ ಎದೆ ಒತ್ತುವುದನ್ನು ಕಡ್ಡಾಯವಾಗಿ ಕಲಿಸಿತ್ತು. 2001ರಿಂದ 2010ರ ನಡುವೆ ಅಲ್ಲಿ ದಾರಿಹೋಕರು ಕೈಹಚ್ಚುವ ಪ್ರಮಾಣ ಶೇಕಡಾ 21ರಿಂದ 45ರ ಹತ್ತಿರಕ್ಕೂ, ಮೂವತ್ತು ದಿನ ದಾಟಿ ಬದುಕುವವರ ಪ್ರಮಾಣ 3.5ರಿಂದ 10.8ಕ್ಕೂ ಏರಿತು.

ನಮ್ಮಲ್ಲಿ ಅದೇ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಗಟ್ಟಿಯಾದ ದೇಹ, ಬೆಂಗಳೂರಿನಂಥ ನಗರ, ಅಷ್ಟು ವೈದ್ಯರು, ಆದರೂ ಏಕೆ ಆಗಲಿಲ್ಲ ಎಂದು ನನ್ನನ್ನು ಕೇಳದ ಪರಿಚಿತರಿಲ್ಲ. ಆಸ್ಪತ್ರೆಯ ಹೇಳಿಕೆಯಲ್ಲಿಯೇ ಉತ್ತರದ ಬಹುಭಾಗ ಇತ್ತು: ಅವರಿಗೆ ಆದದ್ದು ಹೃದಯಾಘಾತ, ತುರ್ತು ವಿಭಾಗದಲ್ಲಿ ಪರೀಕ್ಷಿಸಿದಾಗ ಹೃದಯದ ವಿದ್ಯುತ್ ಚಟುವಟಿಕೆ ನಿಂತುಹೋಗಿತ್ತು, ಅಂದರೆ ನೇರ ಗೆರೆ. ಎರಿಕ್ಸನ್ನರ ಹೃದಯಕ್ಕೆ ಶಾಕ್ ತಟ್ಟುವ ಲಯ ಇನ್ನೂ ಉಳಿದಿತ್ತು. ಹೃದಯಾಘಾತದಲ್ಲಿ ಪರಿಧಮನಿ ಹೆಪ್ಪಿನಿಂದ ಕಟ್ಟಿರುತ್ತದೆ. ಎದೆ ಒತ್ತಿ ಎಷ್ಟೇ ಒತ್ತಡ ಹುಟ್ಟಿಸಿದರೂ ಕಟ್ಟಿದ ನಾಳದ ಆಚೆಗೆ ರಕ್ತ ಸೇರುವುದಿಲ್ಲ. ಅವರ ನಿಧನದ ಬೆನ್ನಲ್ಲೇ ಜನ ಹೃದಯ ಪರೀಕ್ಷೆಗೆಂದು ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು, 2025ರಲ್ಲಿ ಹಾಸನದಿಂದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮತ್ತೆ ಸಾಲುಗಟ್ಟಿದರು. ಆ ಸಾಲುಗಳಿಗಿಂತ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಡುವ ವ್ಯವಸ್ಥೆ ಅದು. ಹೃದಯ ನಿಲ್ಲುವ ಮುನ್ನವೇ ಕೈಹಾಕುವುದು, ನಿಂತ ಮೇಲೆ ಮಾಡುವ ಎಲ್ಲಕ್ಕಿಂತಲೂ ಎಷ್ಟೋ ಪಾಲು ಸುಲಭ.

ಈಗ ಹೃದಯ ಮರಳಿತು ಎಂದೇ ಇಟ್ಟುಕೊಳ್ಳೋಣ. "ಪಲ್ಸ್ ಬಂತು" ಎಂಬ ಕೂಗಿಗೆ ಕೊಠಡಿಯಲ್ಲಿ ಏಳುವ ಉಸಿರು ನನಗೆ ಇಷ್ಟವೇ, ಆದರೆ ಆ ಕೂಗನ್ನು ಮನೆಯವರ ಕಿವಿಗೆ ಬೀಳದಂತೆ ಕೂಗಿದರೆ ಒಳ್ಳೆಯದೆಂದು ಕಿರಿಯರಿಗೆ ಹೇಳುತ್ತಿರುತ್ತೇನೆ. ಹೃದಯ ಮರಳುವುದೂ ಮನುಷ್ಯ ಮರಳುವುದೂ ಬೇರೆ ಬೇರೆ ಘಟನೆಗಳು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಮೆದುಳು ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಬಳಸುತ್ತದೆ, ಕೂಡಿಟ್ಟುಕೊಳ್ಳುವುದು ಬಹುತೇಕ ಏನೂ ಇಲ್ಲ. ರಕ್ತ ನಿಂತ ಹತ್ತಿಪ್ಪತ್ತು ಸೆಕೆಂಡಿಗೆ ಪ್ರಜ್ಞೆ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ಕೋಶಗಳ ಶಕ್ತಿ ಬರಿದಾಗುತ್ತದೆ, ಅವುಗಳ ಪೊರೆಯಲ್ಲಿರುವ ಪಂಪುಗಳು ನಿಂತು ಸೋಡಿಯಂ, ಕ್ಯಾಲ್ಸಿಯಂ ಒಳನುಗ್ಗುತ್ತವೆ. ಕ್ರೂರವಾದ ಸಂಗತಿಯೆಂದರೆ ಹಾನಿಯ ಎರಡನೇ ಅಲೆ ಏಳುವುದು ರಕ್ತ ಮರಳಿ ಹರಿದಾಗ. ಕೋಶಗಳಿಗೆ ಶಕ್ತಿ ತಯಾರಿಸುವ, ಈಗ ಬಳಲಿದ ಮೈಟೊಕಾಂಡ್ರಿಯಗಳಿಗೆ ಆಮ್ಲಜನಕ ಒಮ್ಮೆಗೇ ನುಗ್ಗಿ ವಿಷಕಾರಿ ಅಣುಗಳು ಹುಟ್ಟುತ್ತವೆ, ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಂಡು ದೊಡ್ಡ ನಾಳದಲ್ಲಿ ರಕ್ತ ಹರಿಯುತ್ತಿದ್ದರೂ ಕೋಶದ ಹತ್ತಿರಕ್ಕೆ ತಲುಪದೇ ಹೋಗುತ್ತದೆ, ಮೆದುಳು ಊದಿಕೊಳ್ಳುತ್ತದೆ. ಮರಳಿದ ಹೃದಯವೂ ಒಂದೆರಡು ದಿನ ಮಂಕಾಗಿ, ದುರ್ಬಲವಾಗಿ ಬಡಿಯುತ್ತದೆ. ಇದೆಲ್ಲ ಸೇರಿ ಒಂದು ಪ್ರತ್ಯೇಕ ಕಾಯಿಲೆ ಎಂದು ಮೊದಲು ಹೇಳಿದವರು ಮಾಸ್ಕೋದ ವ್ಲಾದಿಮಿರ್ ನೆಗೋವ್ಸ್ಕಿ, 1970ರ ದಶಕದ ಆರಂಭದಲ್ಲಿ. ಯಶಸ್ವಿ ಪುನಶ್ಚೇತನದಿಂದಲೇ ಹುಟ್ಟುವ, ಅದಿಲ್ಲದಿದ್ದರೆ ಇರುತ್ತಲೇ ಇರದಿದ್ದ ಕಾಯಿಲೆ ಇದು. ಆಸ್ಪತ್ರೆಯ ಹೊರಗೆ ಹೃದಯ ನಿಂತು ಮರಳಿ, ಐಸಿಯು ತಲುಪಿದ ಮೇಲೆ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಮೆದುಳಿನ ಹಾನಿಯಿಂದ.

ದೇಹವನ್ನು ತಂಪುಮಾಡಿ ಮೆದುಳನ್ನು ಕಾಪಾಡಬಹುದೆಂಬ ಆಸೆ ಬಹುಕಾಲ ಇತ್ತು. ಯುರೋಪಿನ ಮತ್ತು ಆಸ್ಟ್ರೇಲಿಯಾದ ಎರಡು ಪ್ರಯೋಗಗಳು 2002ರಲ್ಲಿ ಅದನ್ನು ಬೆಂಬಲಿಸಿದವು, 2021ರ ದೊಡ್ಡ ಪ್ರಯೋಗವೊಂದು 33 ಡಿಗ್ರಿಗೆ ಇಳಿಸಿದವರಿಗೂ ಜ್ವರ ಬಾರದಂತೆ ನೋಡಿಕೊಂಡವರಿಗೂ ವ್ಯತ್ಯಾಸವಿಲ್ಲವೆಂದಿತು. ಈಗ ಜ್ವರ ತಡೆಯುವುದರಲ್ಲಿಯೇ ತೃಪ್ತಿಪಡುತ್ತೇವೆ. ಹೃದಯ ನಿಲ್ಲುವ ಮೊದಲೇ ದೇಹ ತಣ್ಣಗಾಗಿದ್ದರೆ ಲೆಕ್ಕ ಬೇರೆ: ನಾರ್ವೆಯ ನಾರ್ವಿಕ್ ಬಳಿ 1999ರಲ್ಲಿ ಹಿಮಗಟ್ಟಿದ ಹೊಳೆಯಲ್ಲಿ ಸಿಕ್ಕಿಕೊಂಡು 13.7 ಡಿಗ್ರಿಗೆ ಇಳಿದಿದ್ದ ಯುವ ವೈದ್ಯೆಯೊಬ್ಬರು ಟ್ರೊಮ್ಸೋ ಆಸ್ಪತ್ರೆಯಲ್ಲಿ ಬದುಕಿ ಮತ್ತೆ ಕೆಲಸಕ್ಕೆ ಮರಳಿದರು. ರಾಯಚೂರಿನ ಬೇಸಿಗೆಯಲ್ಲಿ ಆ ಕಥೆಯಿಂದ ನಮಗೆ ಆಗುವುದು ಏನೂ ಇಲ್ಲ.

ಅಡ್ರಿನಲಿನ್ ವಿಷಯ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನಾವು ಪ್ರತಿ ಮೂರರಿಂದ ಐದು ನಿಮಿಷಕ್ಕೆ ಅದನ್ನು ಕೊಡುತ್ತಲೇ ಇರುತ್ತೇವೆ. ಅದು ಕೈಕಾಲುಗಳ, ಚರ್ಮದ, ಹೊಟ್ಟೆಯ ನಾಳಗಳನ್ನು ಬಿಗಿದು ಹೃದಯದ ಕಡೆಗೆ ರಕ್ತ ತಿರುಗಿಸುತ್ತದೆ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಅಡ್ರಿನಲಿನ್ನನ್ನು ಬರೀ ಉಪ್ಪುನೀರಿನೊಡನೆ ಹೋಲಿಸಿ ನೋಡಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಮೂವತ್ತು ದಿನ ಬದುಕಿದವರು ಔಷಧ ಪಡೆದವರಲ್ಲಿ ಶೇಕಡಾ 3.2, ಉಪ್ಪುನೀರು ಪಡೆದವರಲ್ಲಿ 2.4. ಆದರೆ ಬದುಕಿ ಮನೆಗೆ ಹೊರಟವರಲ್ಲಿ ಮೆದುಳಿಗೆ ತೀವ್ರ ಹಾನಿಯಾಗಿದ್ದವರು ಮೊದಲ ಗುಂಪಿನಲ್ಲಿ ಶೇಕಡಾ 31, ಎರಡನೆಯದರಲ್ಲಿ 17.8; ಸ್ವತಂತ್ರವಾಗಿ ಬದುಕಬಲ್ಲ ಸ್ಥಿತಿಯಲ್ಲಿ ಉಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೃದಯಗಳು ಹೆಚ್ಚು ಮರಳಿದವು, ಮನುಷ್ಯರು ಅಷ್ಟಾಗಿ ಮರಳಲಿಲ್ಲ. ನಾನು ಇಂದಿಗೂ ಅಡ್ರಿನಲಿನ್ ಕೊಡುತ್ತೇನೆ, ಮಾರ್ಗಸೂಚಿಯೂ ಹಾಗೆಯೇ ಹೇಳುತ್ತದೆ. ಕೊಡುವಾಗ ಈ ಅಂಕಿಗಳು ನೆನಪಾಗದೆ ಇರುವುದಿಲ್ಲ.

ಹೃದಯವನ್ನೇ ಬದಿಗಿಟ್ಟು, ಯಂತ್ರದಿಂದಲೇ ರಕ್ತ ಸುತ್ತಿಸುವ ಎಕ್ಮೊ ಬಂದಾಗ ಇದಕ್ಕೆಲ್ಲ ಪರಿಹಾರ ಸಿಕ್ಕಿತೆಂದು ಹಲವರು ಭಾವಿಸಿದರು. ಮಿನೆಸೋಟದಲ್ಲಿ 30 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಕ್ಮೊ ಪಡೆದವರಲ್ಲಿ ಶೇಕಡಾ 43, ಪಡೆಯದವರಲ್ಲಿ ಶೇಕಡಾ 7 ಮಂದಿ ಬದುಕಿ ಮನೆಗೆ ಹೋದರು. ನೆದರ್‌ಲ್ಯಾಂಡ್ಸ್‌ನ ಹಲವು ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಬದುಕಿದವರು ಎಕ್ಮೊ ಪಡೆದವರಲ್ಲಿ ಶೇಕಡಾ 20, ಪಡೆಯದವರಲ್ಲಿ ಶೇಕಡಾ 16, ಅಂದರೆ ಗೆದ್ದೆವೆಂದು ಹೇಳುವಷ್ಟಲ್ಲ. ನಡುಗುತ್ತಿದ್ದ ಹೃದಯದವರನ್ನೇ ಆಯ್ದುಕೊಂಡು, ಅದನ್ನೇ ಹಗಲಿರುಳು ಮಾಡುವ ಒಂದು ತಂಡಕ್ಕೆ ಆದದ್ದು ಉಳಿದವರಿಗೆ ಅಷ್ಟು ಸುಲಭಕ್ಕೆ ಆಗುವುದಿಲ್ಲ.

ಹಾಗಾದರೆ ಯಾವಾಗ ಕೈಬಿಡಬೇಕು? ಇಪ್ಪತ್ತು ನಿಮಿಷ ಚೆನ್ನಾಗಿ ಒತ್ತಿದ ಮೇಲೂ, ಗಂಟಲ ಕೊಳವೆಯಿಂದ ಹೊರಬರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡ 10 ಮಿಲಿಮೀಟರ್ ಪಾದರಸ ದಾಟದಿದ್ದರೆ ರಕ್ತ ಶ್ವಾಸಕೋಶಕ್ಕೆ ಬರುತ್ತಲೇ ಇಲ್ಲವೆಂದು ತಿಳಿಯುತ್ತೇವೆ. ಅದರ ಜೊತೆಗೆ ಕಾರಣ, ವಯಸ್ಸು, ಕಳೆದ ನಿಮಿಷಗಳು, ಮಾನಿಟರಿನ ಲಯ ಎಲ್ಲವನ್ನೂ ಕೂಡಿಸಿ ನಿರ್ಧರಿಸುತ್ತೇವೆ. ನಿಲ್ಲಿಸುವುದಕ್ಕಿಂತ ಕಷ್ಟದ್ದು, ಶುರು ಮಾಡಲೇಬಾರದಿದ್ದ ಸಂದರ್ಭಗಳು. ಕ್ಯಾನ್ಸರ್ ಎಲ್ಲೆಡೆ ಹರಡಿ, ಎಲ್ಲರಿಗೂ ಗೊತ್ತಿದ್ದೂ ಯಾರೂ ಮಾತಾಡದೆ ಉಳಿದ ಅಜ್ಜಿಯ ಎದೆಯನ್ನು ರಾತ್ರಿ ಎರಡು ಗಂಟೆಗೆ ಒತ್ತಬೇಕಾಗಿ ಬಂದಾಗ ಮೊದಲ ನಿಮಿಷದಲ್ಲೇ ಪಕ್ಕೆಲುಬು ಮುರಿಯುವುದು ಅಂಗೈಗೆ ಗೊತ್ತಾಗುತ್ತದೆ. ಇಂಥಲ್ಲಿ ಒತ್ತದಿರಲು ನಿಯಮಗಳಿಲ್ಲವೆಂದಲ್ಲ. ಪುನಶ್ಚೇತನಕ್ಕೆ ಯತ್ನಿಸಬೇಡಿ ಎಂಬ ನಿರ್ಧಾರವನ್ನು ರೋಗಿಯೊಡನೆ, ಮನೆಯವರೊಡನೆ ಮಾತಾಡಿ ಹೇಗೆ ದಾಖಲಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪ್ರಾಯದ, ಸ್ವಸ್ಥಮನಸ್ಸಿನ ಯಾರೂ ಕೊನೆಗಾಲದ ಚಿಕಿತ್ಸೆಯ ಬಗೆಗಿನ ತಮ್ಮ ಇಚ್ಛೆಯನ್ನು ಮುಂಚಿತವಾಗಿ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಸುತ್ತೋಲೆಯನ್ನೂ ಹೊರಡಿಸಿತು. ಅಂಥ ಪತ್ರ ಹಿಡಿದು ಬಂದ ರೋಗಿಯನ್ನು ನಾನು ಇನ್ನೂ ನೋಡಿಲ್ಲ. ಬರುವವರೆಗೆ, ಆ ಮಾತನ್ನು ಹಗಲು ಹೊತ್ತಿನಲ್ಲಿ, ಕುರ್ಚಿ ಹಾಕಿ ಕೂರಿಸಿ, ಮನೆಯವರಲ್ಲಿ ನಿರ್ಧಾರ ತೆಗೆದುಕೊಳ್ಳುವವರು ಯಾರೆಂದು ಮೊದಲು ಕೇಳಿಕೊಂಡು, ನಾವೇ ಎತ್ತಬೇಕಾಗುತ್ತದೆ.